ಹುಣಸೆ ಬೀಜದ ಕಂಪ್ಯೂಟರ್

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಹಿರಿಯೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದೆ. ನಮ್ಮೂರು ಹೊಳಲ್ಕೆರೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿದರೆ ಚಿತ್ರದುರ್ಗದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ದೀಪ ಹಚ್ಚುವ ಹೊತ್ತಿಗೆ ಅಮ್ಮನ ಮುಂದೆ ಕೂತಿರುತ್ತಿದ್ದೆ. ಉಳಿದ ದಿನಗಳೆಲ್ಲ ಹಿರಿಯೂರಿನ ಒಂದು ಬಾಡಿಗೆ ಕೋಣೆ ಮತ್ತು ಒಂಬತ್ತನೇ ಕ್ಲಾಸಿನ ಹುಡುಗಿಯರು.

ಆ ಹುಡುಗಿಯರು ಓದಿನಲ್ಲಿ ಜಾಣೆಯರು. ಪಾಠ ಮುಗಿದ ಮರುದಿನ ಪ್ರಶ್ನೆ ಕೇಳಿದರೆ ಪುಸ್ತಕದಲ್ಲಿ ಇದ್ದದ್ದು ಇದ್ದಂತೆಯೇ ಬಾಯಿಂದ ಬರುತ್ತಿತ್ತು. ಎಷ್ಟರ ಮಟ್ಟಿಗೆ ಅಂದರೆ, ಅಚ್ಚಿನಲ್ಲಿ ಅಲ್ಪವಿರಾಮ ಇದ್ದ ಕಡೆಯೇ ಉಸಿರು ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಸಸ್ಯಗಳು ಆಹಾರ ತಯಾರಿಸುವ ಪಾಠವನ್ನು ಹೀಗೆ ಒಪ್ಪಿಸಿದ ಮೇಲೆ ನಾನು ಕಿಟಕಿಯ ಆಚೆ ಕೈ ತೋರಿಸಿ, "ಆ ಬೇವಿನ ಮರದ ಎಲೆಗಳನ್ನೆಲ್ಲ ಇವತ್ತೇ ಕಿತ್ತುಹಾಕಿದರೆ ಏನಾಗುತ್ತೆ?" ಎಂದು ಕೇಳಿದೆ.

ಇಡೀ ಕ್ಲಾಸು ಸುಮ್ಮನಾಯಿತು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ಹೇಳಿದಳು: "ಹೆಡ್‌ಮಿಸ್ ಬೈತಾರೆ ಮಿಸ್."

ಎಲ್ಲರೂ ನಕ್ಕರು, ನಾನೂ ನಕ್ಕೆ. ಹಾಗೆ ನೋಡಿದರೆ ಆ ಕ್ಲಾಸಿನಲ್ಲಿ ಅವತ್ತು ಸ್ವಂತವಾಗಿ ಯೋಚಿಸಿ ಕೊಟ್ಟ ಉತ್ತರ ಅದೊಂದೇ. ಆದರೆ ಕೋಣೆಗೆ ಬಂದ ಮೇಲೆ ಬೇಸರವಾಯಿತು. 'ಹೀಗೆ ಮಾಡಿದರೆ ಏನಾದೀತು' ಎಂಬ ಪ್ರಶ್ನೆಯನ್ನು ಇವರಿಗೆ ಕಲಿಸುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಮರದ ಎಲೆಯನ್ನಂತೂ ಕೀಳುವಂತಿಲ್ಲ.

ಆ ಬೇಸಿಗೆಯಲ್ಲಿ ವಿಜ್ಞಾನ ಕಲಿಸುವವರಿಗೆಂದು ಬೆಂಗಳೂರಿನಲ್ಲಿ ಒಂದು ತರಬೇತಿ ನಡೆಯಿತು. ನಮ್ಮ ಶಾಲೆಯಿಂದ ನನ್ನನ್ನು ಕಳಿಸಿದರು. ತರಬೇತಿಯ ಕೊನೆಯ ವಾರ ನಮ್ಮನ್ನೆಲ್ಲ ಒಂದು ಕಂಪ್ಯೂಟರ್ ನೋಡಲು ಕರೆದುಕೊಂಡು ಹೋದರು. ದೇವಸ್ಥಾನಕ್ಕೆ ಹೋದ ಹಾಗೆ ಚಪ್ಪಲಿಗಳನ್ನು ಬಾಗಿಲಲ್ಲಿ ಬಿಟ್ಟೆವು. ಒಳಗೆ ಮೇ ತಿಂಗಳಲ್ಲೂ ಸೆರಗು ಹೊದ್ದುಕೊಳ್ಳುವಷ್ಟು ತಂಪು. ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳನ್ನು ಸಾಲಾಗಿ ನಿಲ್ಲಿಸಿದಂತೆ ಯಂತ್ರಗಳು ನಿಂತಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದ ಲೆಕ್ಚರರ್ ವಯಸ್ಸಾದವರು, ಮೆಲುಮಾತಿನವರು.

"ಇದರೊಳಗೆ ಒಂದು ಕೆರೆ ಇದೆ ಅಂದ್ಕೊಳ್ಳಿ," ಎಂದರು ಅವರು. "ಕೆರೇಲಿ ಮೀನು ಇವೆ. ಮೀನು ಎಷ್ಟು ಮರಿ ಹಾಕುತ್ತೆ, ಎಷ್ಟು ತಿನ್ನುತ್ತೆ, ಜನ ಎಷ್ಟು ಹಿಡೀತಾರೆ, ಎಲ್ಲಾನೂ ನಿಯಮ ಮಾಡಿ ಕೊಟ್ಟಿದೀವಿ. ಈಗ ಏನು ಬದಲಾಯಿಸಬೇಕು, ಯಾರಾದರೂ ಹೇಳಿ."

ನಾನೇ ಹೇಳಿದೆ: "ಮೀನು ಹಿಡಿಯೋದನ್ನ ಪೂರ್ತಿ ನಿಲ್ಲಿಸಿಬಿಡಿ ಸಾರ್."

ಅವರು ಆ ನಿಯಮಗಳನ್ನು ಯಂತ್ರಕ್ಕೆ ತಿಳಿಸುವ, ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ ಒಂದನ್ನು ಬದಲಿಸಿದರು. ಮೀನುಗಳು ಹೆಚ್ಚುತ್ತಲೇ ಹೋಗುತ್ತವೆ ಎಂದು ನನಗೆ ಖಾತ್ರಿಯಿತ್ತು. ಅಗಲವಾದ ಕಾಗದ ಕಟಕಟ ಸದ್ದು ಮಾಡುತ್ತಾ ಹೊರಗೆ ಬಂತು. ಮೀನುಗಳು ಮೊದಲು ಹೆಚ್ಚಿದ್ದವು, ಆಮೇಲೆ ನಿಂತಿದ್ದವು, ಆಮೇಲೆ ಕಡಿಮೆಯಾಗಿದ್ದವು.

"ಯಾಕಮ್ಮಾ?" ಎಂದು ಕೇಳಿದರು ಅವರು.

ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯರ ಹಾಗೆ ನಾನೂ ನೆಲ ನೋಡುತ್ತಾ ನಿಂತೆ. ಅವರು ಉತ್ತರ ಹೇಳಿಕೊಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನಗೇ ಹೊಳೆಯಿತು. ಮೀನು ಹೆಚ್ಚಿದರೂ ಕೆರೆ ಅಷ್ಟೇ ಇದೆ, ಅದರಲ್ಲಿನ ಮೇವೂ ಅಷ್ಟೇ. ಹೇಳಿದೆ. ಅವರು ತಲೆಯಾಡಿಸಿದರು. ಆ ತಣ್ಣನೆಯ ಕೋಣೆಯಲ್ಲಿ ನನ್ನ ಕಿವಿಗಳು ಬಿಸಿಯಾಗಿದ್ದವು. ಓದಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಹೀಗೆ ಒಂದು ವಿಷಯ ನನ್ನೊಳಗೇ ಹುಟ್ಟಬಹುದು ಎಂದು ನನಗೆ ಗೊತ್ತಿರಲಿಲ್ಲ.

ಹೊರಡುವಾಗ ಅವರ ಹತ್ತಿರ ಹೋಗಿ, "ಇಂಥದ್ದನ್ನ ನಮ್ಮ ಹುಡುಗಿಯರಿಗೆ ತೋರಿಸಬೇಕಿತ್ತು ಸಾರ್. ನಮ್ಮ ಶಾಲೇಲಿ ಕರೆಂಟೇ ಇಲ್ಲ," ಎಂದೆ.

ಅವರು ನಕ್ಕರು. "ಕಂಪ್ಯೂಟರ್ ಅಂದರೆ ಈ ಪೆಟ್ಟಿಗೆ ಅಲ್ಲ ಕಣಮ್ಮ. ಕೊಟ್ಟ ನಿಯಮಾನ ಕೊಟ್ಟ ಕ್ರಮದಲ್ಲಿ ತಪ್ಪದೆ ಮಾಡೋದು, ಅಷ್ಟೆ. ಇದು ಬೇಗ ಮಾಡುತ್ತೆ. ನಿಮ್ಮ ಹುಡುಗಿಯರು ನಿಧಾನಕ್ಕೆ ಮಾಡ್ತಾರೆ."

ಹಿರಿಯೂರಿಗೆ ವಾಪಸಾಗುವ ಬಸ್ಸಿನಲ್ಲಿ ಇದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಶಾಲೆ ಶುರುವಾದ ಮೇಲೆ, ಈಗ ಹತ್ತನೇ ಕ್ಲಾಸಿಗೆ ಬಂದಿದ್ದ ಅದೇ ಹುಡುಗಿಯರಿಗೆ ನಾನು ಹೇಳಿದೆ: "ನಾವೊಂದು ಕಂಪ್ಯೂಟರ್ ಮಾಡೋಣ." ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹೆಸರನ್ನೇ ಅವರು ಕೇಳಿರಲಿಲ್ಲ. ಬೆಂಗಳೂರಿನ ಕೋಣೆ, ಕಾರ್ಡು, ಕೆರೆ, ಮೀನು ಎಲ್ಲವನ್ನೂ ವಿವರಿಸಿದೆ. ನಮ್ಮದರೊಳಗೆ ಏನಿರಬೇಕು ಎಂದು ಕೇಳಿದಾಗ ಹಳ್ಳಿಗಳಿಂದ ಬರುವ ಹುಡುಗಿಯರು ಒಟ್ಟಿಗೆ ಹೇಳಿದ್ದು, ಕಡಲೆಕಾಯಿ ಹೊಲ. ಹೊಲ ಅಂದರೆ ಇಲಿ. ಇಲಿ ಅಂದರೆ ಹಾವು.

ನಿಯಮಗಳನ್ನು ಕೂತು ಬರೆದೆವು. ನಮ್ಮ ಹೊಲದಲ್ಲಿ ಒಂದು ಸುತ್ತು ಅಂದರೆ ಒಂದು ತಿಂಗಳು. ಪ್ರತಿ ಸುತ್ತಿಗೂ ಒಂದು ಜೋಡಿ ಇಲಿಗೆ ಇಷ್ಟು ಮರಿ. ಪ್ರತಿ ಹಾವಿಗೆ ಇಷ್ಟು ಇಲಿ ಸಿಗಬೇಕು. ಸಿಗದ ಹಾವು ಸಾಯುತ್ತದೆ, ಹೊಟ್ಟೆ ತುಂಬಿದ ಹಾವಿಗೆ ಮರಿಯಾಗುತ್ತದೆ. ಒಂದೊಂದು ನಿಯಮ ಒಂದೊಂದು ಚೀಟಿಯಲ್ಲಿ, ಒಂದೊಂದು ಚೀಟಿ ಒಬ್ಬೊಬ್ಬಳ ಕೈಯಲ್ಲಿ. ನಡುವೆ ಎರಡು ಮಡಕೆಗಳು. ಅದು ನಮ್ಮ ಕಂಪ್ಯೂಟರಿನ ನೆನಪು, ಲೆಕ್ಕ ಉಳಿಯುವ ಜಾಗ. ಒಂದರಲ್ಲಿ ಇಲಿಗಳು, ಇನ್ನೊಂದರಲ್ಲಿ ಹಾವುಗಳು. ಹಾವಿಗೆ ಬೆಣಚುಕಲ್ಲು. ಇಲಿಗೆ ಏನು ಎಂದು ಯೋಚಿಸಿ, ಹೊಲಕ್ಕೆ ಒಪ್ಪುತ್ತದೆಂದು ಕಡಲೆಕಾಯಿಯನ್ನೇ ಹಾಕಿದೆವು. ಒಬ್ಬಳು ತಟ್ಟೆ ಬಡಿದು ಸುತ್ತು ಶುರು ಮಾಡಬೇಕು, ಇನ್ನೊಬ್ಬಳು ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆಯಬೇಕು.

ಮೊದಲ ದಿನ ಲೆಕ್ಕ ಕೂಡಲೇ ಇಲ್ಲ. ಮಡಕೆಯಲ್ಲಿ ಇಲಿಗಳು ಕಾರಣವಿಲ್ಲದೆ ಕಡಿಮೆಯಾಗುತ್ತಿದ್ದವು. ನಿಯಮಗಳನ್ನು ಮತ್ತೆ ಮತ್ತೆ ಓದಿದೆ, ತಪ್ಪು ಕಾಣಲಿಲ್ಲ. ಆಮೇಲೆ ಮಡಕೆಯ ಹತ್ತಿರ ಕೂತಿದ್ದ ಹುಡುಗಿಯರ ಕಾಲ ಬಳಿ ಸಿಪ್ಪೆ ಕಂಡಿತು. ಕಂಪ್ಯೂಟರಿನ ನೆನಪನ್ನು ಅವರು ಸದ್ದಿಲ್ಲದೆ ತಿನ್ನುತ್ತಿದ್ದರು.

ಮರುದಿನದಿಂದ ಹುಣಸೆ ಬೀಜ ಬಂತು. ಆಗಲೂ ಒಂದು ಇಲಿ ಹೆಚ್ಚಾಗಿ ಉಳಿಯುತ್ತಿತ್ತು. ಹಾವಿನ ಚೀಟಿ ಹಿಡಿದಿದ್ದ ಐಮಂಗಲದ ಹುಡುಗಿ ಪ್ರತಿ ಸುತ್ತಿನಲ್ಲೂ ಒಂದು ಬೀಜವನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ವಾಪಸು ಹಾಕುತ್ತಿದ್ದಳು.

"ಯಾಕೆ ಹಿಂಗೆ ಮಾಡಿದೆ?" ಎಂದೆ.

"ಪಾಪ ಅನಿಸ್ತು ಮಿಸ್. ಅದು ಮರಿ ಐತೆ."

ಆಗ ನಾವು ಒಂದು ಕಟ್ಟುಪಾಡು ಮಾಡಿಕೊಂಡೆವು. ತಟ್ಟೆಯ ಸದ್ದಾದ ಮೇಲೆ ಯಾರೂ ಯೋಚನೆ ಮಾಡುವಂತಿಲ್ಲ, ಮರುಗುವಂತಿಲ್ಲ, ಚೀಟಿಯಲ್ಲಿ ಇದ್ದಷ್ಟನ್ನು ಮಾಡಬೇಕು. ಯೋಚನೆಯೆಲ್ಲ ಮುಂಚೆ ಮತ್ತು ಆಮೇಲೆ. ಮುಂಚೆ ಪ್ರತಿಯೊಬ್ಬಳೂ ಏನಾಗುತ್ತದೆ, ಯಾಕೆ ಆಗುತ್ತದೆ ಎಂದು ಹೇಳಬೇಕು. 'ಯಾಕೆ' ಇಲ್ಲದ ಊಹೆಗೆ ಬೆಲೆಯಿಲ್ಲ. ಆಮೇಲೆ, ಊಹೆ ತಪ್ಪಿದ್ದರೆ ಎಲ್ಲಿ ತಪ್ಪಿತು ಎಂದು ಹುಡುಕಬೇಕು. ಪುಸ್ತಕದ ಮಾತು ಇಲ್ಲಿ ಯಾರ ನೆರವಿಗೂ ಬರುತ್ತಿರಲಿಲ್ಲ, ಏಕೆಂದರೆ ನಮ್ಮ ಹೊಲ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮೊದಲ ಸಲ ಕಂಪ್ಯೂಟರ್ ಸರಿಯಾಗಿ ನಡೆದ ದಿನ ಎಲ್ಲರ ಕಣ್ಣೂ ಮಡಕೆಗಳ ಮೇಲಿತ್ತು. ತಟ್ಟೆ ಬಡಿಯಿತು, ಬೀಜಗಳು ಬಂದವು, ಹೋದವು. ಇಲಿಗಳು ಇಳಿಯುತ್ತಾ ಬಂದು ಒಂದು ಸುತ್ತಿನಲ್ಲಿ ಮಡಕೆಯೇ ಖಾಲಿಯಾಯಿತು. ಮುಂದಿನ ಸುತ್ತುಗಳಲ್ಲಿ ಬೆಣಚುಕಲ್ಲುಗಳೂ ಖಾಲಿಯಾದವು. ಇಲಿಯೂ ಇಲ್ಲ, ಹಾವೂ ಇಲ್ಲ. ಹಲಗೆಯ ಮೇಲೆ ಎರಡು ಸೊನ್ನೆ.

ನನಗೆ ಹೆಮ್ಮೆಯಾಯಿತು. ಬೇಟೆ ಮುಗಿದರೆ ಬೇಟೆಗಾರನೂ ಮುಗಿಯುತ್ತಾನೆ ಎಂದು ಒಂದು ಸಣ್ಣ ಭಾಷಣವನ್ನೇ ಶುರು ಮಾಡಿದೆ. ಆಗ ಹರಿಯಬ್ಬೆಯಿಂದ ಬರುತ್ತಿದ್ದ ಹುಡುಗಿ ಎದ್ದು ನಿಂತಳು. ಹೋದ ವರ್ಷವಿಡೀ ಬಾಯಿ ಬಿಡದವಳು, ಉತ್ತರ ಗೊತ್ತಿದ್ದರೂ ಪಕ್ಕದವಳ ಕಿವಿಯಲ್ಲಿ ಹೇಳುವವಳು.

"ಮಿಸ್, ಇದು ಸುಳ್ಳು."

"ಯಾವುದು ಸುಳ್ಳು?"

"ನಮ್ ಹೊಲ್ದಾಗೆ ಇಲಿ ಯಾವತ್ತೂ ಖಾಲಿ ಆಗಿಲ್ಲ. ನಾನು ಹುಟ್ದಾಗ್ಲಿಂದ ನೋಡ್ತಿದೀನಿ, ಅವೆ."

"ಲೆಕ್ಕ ನೀವೇ ಮಾಡಿದ್ದಲ್ಲಮ್ಮ."

"ಲೆಕ್ಕ ಸರಿ ಐತೆ ಮಿಸ್. ಚೀಟಿ ತಪ್ಪೈತೆ."

ಒಂದು ಕ್ಷಣ ನನಗೆ ಮುಜುಗರವಾಯಿತು. ಚೀಟಿಗಳನ್ನು ಬರೆದ ಕೈ ನನ್ನದೇ. ಆದರೂ, ಹಾಗಾದರೆ ಏನು ಬಿಟ್ಟುಹೋಗಿದೆ ನೀನೇ ಹೇಳು ಎಂದೆ. ಅವಳು ಕಣ್ಣು ಮುಚ್ಚಿ ನಿಂತಳು, ಎದುರಿಗೆ ತನ್ನ ಹೊಲವನ್ನೇ ತಂದುಕೊಳ್ಳುವವಳ ಹಾಗೆ.

"ಬದ," ಎಂದಳು. "ಬದದ ಆ ಕಡೆ ನಮ್ ಚಿಕ್ಕಪ್ಪನ ಹೊಲ ಐತೆ. ನಮ್ಮಲ್ಲಿ ಖಾಲಿ ಆದ್ರೆ ಅಲ್ಲಿಂದ ಬರ್ತಾವೆ. ನಮ್ ಮಡಕೆಗೆ ಬದ ಇಲ್ಲ ಮಿಸ್. ಅದು ಮುಚ್ಚಿದ ಮಡಕೆ."

ಎರಡು ಹೊಲಗಳ ನಡುವಿನ ಮಣ್ಣಿನ ಏರಿಯೊಂದು ನನ್ನ ನಿಯಮಗಳಲ್ಲಿ ಇರಲೇ ಇಲ್ಲ. ನಾನು ಮೇಜಿನ ಮೇಲೆ ಕೂತುಬಿಟ್ಟೆ. ನಗು ಬಂತು, ತಡೆಯಲು ಆಗಲಿಲ್ಲ. ಹುಡುಗಿ ಗಾಬರಿಯಾಗಿ, "ತಪ್ಪಾತಾ ಮಿಸ್?" ಎಂದಳು. ಇಲ್ಲಮ್ಮ, ಇದೇ ಬೇಕಾಗಿತ್ತು ಎಂದೆ. ಎಲೆ ಕಿತ್ತರೆ ಏನಾಗುತ್ತದೆ ಎಂದರೆ ಸುಮ್ಮನಾಗಿದ್ದ ಕ್ಲಾಸಿನಲ್ಲಿ ಒಬ್ಬಳು ಈಗ ಲೆಕ್ಕ ಬೇರೆ, ಲೋಕ ಬೇರೆ ಎಂದು ಹೇಳುತ್ತಿದ್ದಳು.

ಮೂರನೇ ಮಡಕೆ ಬಂತು, ಅದು ಚಿಕ್ಕಪ್ಪನ ಹೊಲ. ಬದ ದಾಟಿಸುವ ಚೀಟಿಯನ್ನು ಹರಿಯಬ್ಬೆಯ ಹುಡುಗಿಯೇ ಬರೆದಳು. ಕ್ಲಾಸಿನಲ್ಲಿ ಜಾಗ ಸಾಲದೆ ಬೇವಿನ ಮರದ ಕೆಳಗೆ ಹೋದೆವು. ಈಗ ಇಲಿಗಳು ಏರಿದವು, ಹಿಂದೆಯೇ ಹಾವುಗಳು ಏರಿದವು. ಇಲಿಗಳು ಇಳಿದವು, ಹಾವುಗಳೂ ಇಳಿದವು. ಮತ್ತೆ ಏರಿದವು. ಅದನ್ನು ಕೆಮ್ಮಣ್ಣಿನಲ್ಲಿ ಗೋಡೆಯ ಮೇಲೆ ಗೆರೆ ಎಳೆದಾಗ ಎರಡು ಜಡೆಗಳು ಒಂದರ ಬೆನ್ನಿಗೆ ಒಂದು ಬಿದ್ದಂತೆ ಕಂಡಿತು. ಹುಡುಗಿಯರು ತಮ್ಮ ಜಡೆ ಹಿಡಿದು ನಕ್ಕರು.

ಈ ಸಂತೋಷದ ನಡುವೆ ಒಂದು ದಿನ ಹೆಡ್‌ಮಿಸ್ ನನ್ನನ್ನು ಕರೆಸಿದರು. ಅವರು ಗಟ್ಟಿ ಹೆಂಗಸು, ಗೋಡೆಗೆ ಕೆಮ್ಮಣ್ಣು ಬಳಿದದ್ದಕ್ಕೆ ಆಗಲೇ ಮುಖ ಬಿಗಿದುಕೊಂಡಿದ್ದರು. ಅವರ ಕೋಣೆಯಲ್ಲಿ ರುಮಾಲು ಸುತ್ತಿದ ಒಬ್ಬ ರೈತರು ನಿಂತಿದ್ದರು, ಹರಿಯಬ್ಬೆಯ ಹುಡುಗಿಯ ಅಪ್ಪ.

"ಕುಂತ್ಕಳ್ರಿ," ಎಂದೆ. ಅವರು ಕೂರಲಿಲ್ಲ.

"ಮೇಡಮ್ಮೋರೆ, ನನ್ ಮಗಳಿಗೆ ಏನ್ ಕಲಿಸ್ತಿದೀರಿ ನೀವು?" ಎಂದರು. "ಮೊನ್ನೆ ಹೊಲ್ದಾಗೆ ಒಂದ್ ಕೇರೆಹಾವು ಬಂತು. ಕೋಲು ತಗಂಡೆ. ಇವ್ಳು ಅಡ್ಡ ಬಂದು ನಿಂತ್ಳು. 'ಅಪ್ಪ, ಇದನ್ನ ಹೊಡದ್ರೆ ಮುಂದೆ ಏನಾಗ್ತೈತೆ ಅಂತ ಮೊದ್ಲು ಹೇಳು, ಆಮ್ಯಾಕೆ ಹೊಡಿ' ಅಂತಾಳೆ."

ಹೆಡ್‌ಮಿಸ್ ನನ್ನ ಕಡೆ ನೋಡಿದರು. "ಆಮೇಲೆ ಏನು ಮಾಡಿದ್ರಿ?" ಎಂದೆ.

"ಏನ್ ಮಾಡಾದು. ನಾನು ಯೋಚ್ನೆ ಮಾಡ್ತಾ ನಿಂತೆ, ಹಾವು ಹೋತು." ಅವರ ಮೀಸೆಯ ಕೆಳಗೆ ನಗು ಕಾಣಿಸಿತು. "ಅದೇನೋ ಮಡಕೆ ಐತಂತಲ್ಲ, ಅದನ್ನ ನೋಡಿ ಹೋಗಾಣ ಅಂತ ಬಂದೆ."

ಮರದ ಕೆಳಗೆ ಅವರಿಗೆ ಒಂದು ಕುರ್ಚಿ ಹಾಕಿಸಿದೆವು. ಅವರು ಕುರ್ಚಿ ಬಿಟ್ಟು ಮಡಕೆಗಳ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಮಗಳು ವಿವರಿಸುತ್ತಿದ್ದರೆ ಬೀಜಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಹಾವಿನ ಮಡಕೆಯನ್ನು ಪೂರ್ತಿ ಖಾಲಿ ಮಾಡಿ ಓಡಿಸಿದ ಆಟದಲ್ಲಿ ಇಲಿಗಳು ತುಂಬಿ ಮಡಕೆಯಿಂದ ಹೊರಗೆ ಚೆಲ್ಲಿ, ಹುಣಸೆ ಬೀಜಗಳೇ ಮುಗಿದುಹೋದವು. ಅವರು ಚೆಲ್ಲಿದ ಬೀಜಗಳನ್ನು ಒಂದೊಂದಾಗಿ ಅಂಗೈಗೆ ಆಯ್ದುಕೊಂಡರು. ಆಮೇಲೆ ಮಗಳನ್ನು ಕೇಳಿದರು:

"ಎಲ್ಲಾ ಐತೆ ಕಣವ್ವ. ಇದ್ರಾಗೆ ನಾನೆಲ್ಲಿದೀನಿ?"

ಮಗಳು ನನ್ನ ಕಡೆ ತಿರುಗಿದಳು. "ಅಪ್ಪ ಕೇಳಿದ್ದು ಸರಿ ಐತೆ ಮಿಸ್. ಮನುಷ್ಯನ ಚೀಟಿ ಇಲ್ಲ."

ಆ ಚೀಟಿಯನ್ನು ಬರೆಯುವುದಕ್ಕೆ ಒಂದು ವಾರ ಹಿಡಿಯಿತು. ಯಾವ ಹಾವು ಹೊಡೆಯುವುದು, ಯಾವುದನ್ನು ಬಿಡುವುದು, ಬರಿಗಾಲಲ್ಲಿ ಹೊಲಕ್ಕೆ ಇಳಿಯುವವರ ಭಯಕ್ಕೆ ಎಷ್ಟು ಬೆಲೆ ಎಂದು ಹುಡುಗಿಯರು ಊಟದ ಬಿಡುವಿನಲ್ಲೂ ಜಗಳವಾಡಿದರು. ಕೇರೆಹಾವನ್ನು ಬಿಡುವುದು, ನಾಗರಹಾವು ಮನೆ ಹತ್ತಿರ ಬಂದರೆ ಬಿಡದಿರುವುದು ಎಂದು ಕೊನೆಗೆ ಒಪ್ಪಂದವಾಯಿತು. ಅದಕ್ಕಾಗಿ ಬೆಣಚುಕಲ್ಲುಗಳಲ್ಲಿ ಎರಡು ಬಣ್ಣವಾದವು.

ಹೀಗಿರುವಾಗಲೇ ಶಾಲೆಗಳ ಇನ್ಸ್‌ಪೆಕ್ಟರ್ ತಪಾಸಣೆಗೆ ಬಂದರು. ಹತ್ತನೇ ಕ್ಲಾಸಿನ ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ. ಅಂಗಳದಲ್ಲಿ ತಟ್ಟೆಯ ಸದ್ದು. ಇನ್ಸ್‌ಪೆಕ್ಟರನ್ನು ಮರದ ಕೆಳಗೆ ಕರೆದುಕೊಂಡು ಬರುವಾಗ ಹೆಡ್‌ಮಿಸ್ ಹೆಜ್ಜೆಯಲ್ಲೇ ಬೈಗುಳ ಕೇಳುತ್ತಿತ್ತು. ನಾನು ವಿವರಿಸಿದೆ. ಇನ್ಸ್‌ಪೆಕ್ಟರ್ ನಂಬಿದಂತೆ ಕಾಣಲಿಲ್ಲ. ಅವತ್ತು ಹಾವಿನ ಚೀಟಿಯ ಹುಡುಗಿ ಜ್ವರ ಬಂದು ಶಾಲೆಗೆ ಬಂದಿರಲಿಲ್ಲ. ನಾನು ಧೈರ್ಯ ಮಾಡಿ, "ಸಾರ್, ಆ ಚೀಟಿ ನೀವು ಹಿಡೀತೀರಾ?" ಎಂದೆ.

ಹೆಡ್‌ಮಿಸ್ ಕಣ್ಣು ಮುಚ್ಚಿಕೊಂಡರು. ಇನ್ಸ್‌ಪೆಕ್ಟರ್ ಕೋಟಿನ ಗುಂಡಿ ಬಿಚ್ಚಿ, ಕಲ್ಲುಬೆಂಚಿನ ಮೇಲೆ ಕೂತು ಚೀಟಿ ತೆಗೆದುಕೊಂಡರು.

ತಟ್ಟೆ ಬಡಿಯಿತು. ಅವರು ಮಡಕೆಯೊಳಗೆ ಕೈ ಹಾಕಿ ಬೀಜಗಳನ್ನು ಎಣಿಸುತ್ತಾ ಕೂತರು. ಇಲಿ ಕಡಿಮೆ ಇವೆ, ಈಗಲೇ ಇಷ್ಟು ತೆಗೆದರೆ ಮುಂದಕ್ಕೆ ಉಳಿಯುವುದಿಲ್ಲ, ಸ್ವಲ್ಪ ಕಡಿಮೆ ತೆಗೆಯುತ್ತೇನೆ ಎಂದು ತಮ್ಮಷ್ಟಕ್ಕೇ ಗೊಣಗಿದರು. ಪಕ್ಕದಲ್ಲಿದ್ದ ಹರಿಯಬ್ಬೆಯ ಹುಡುಗಿ ಮೆತ್ತಗೆ ಹೇಳಿದಳು:

"ಸಾರ್, ಈಗ ನೀವು ಯೋಚ್ನೆ ಮಾಡಂಗಿಲ್ರಿ. ಚೀಟೀಲಿ ಬರ್ದಂಗೆ ಮಾಡ್ರಿ."

ಇನ್ಸ್‌ಪೆಕ್ಟರ್ ಅವಳನ್ನು ನೋಡಿದರು, ಚೀಟಿಯನ್ನು ನೋಡಿದರು. ಬರೆದಷ್ಟು ಬೀಜ ತೆಗೆದರು. ಮುಂದಿನ ಸುತ್ತಿನಲ್ಲಿ ಅವರ ಹಾವುಗಳಿಗೆ ಊಟ ಸಾಲಲಿಲ್ಲ, ಅರ್ಧಕ್ಕರ್ಧ ಸತ್ತವು. ಕಲ್ಲುಗಳನ್ನು ಆಚೆ ಇಡುವಾಗ ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು.

"ಈಗ ಯೋಚ್ನೆ ಮಾಡ್ರಿ ಸಾರ್," ಎಂದಳು ಹುಡುಗಿ. "ಯಾಕ್ ಹಿಂಗಾತು?"

ಅವರು ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ನಿಜಕ್ಕೂ ಯೋಚಿಸಿದರು. ಹುಡುಗಿಯರ ಜೊತೆ ವಾದಕ್ಕೆ ಇಳಿದು, ಎರಡು ಸಲ ಸೋತು, ಉಳಿದ ಕ್ಲಾಸುಗಳ ತಪಾಸಣೆಯನ್ನು ಮಧ್ಯಾಹ್ನಕ್ಕೆ ಹಾಕಿದರು. ಹೋಗುವಾಗ ಹೆಡ್‌ಮಿಸ್‌ಗೆ, "ದುರ್ಗದಲ್ಲಿ ಮುಂದಿನ ತಿಂಗಳು ಜಿಲ್ಲೆಯ ಟೀಚರ್ಸ್ ಸಭೆ ಇದೆ. ಈ ಮಡಕೆಗಳು ಅಲ್ಲಿಗೆ ಬರಬೇಕು. ಈ ಹುಡುಗಿಯರೂ," ಎಂದರು.

ಮಡಕೆಗಳನ್ನು ಹುಲ್ಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಿತ್ರದುರ್ಗಕ್ಕೆ ಹೋದೆವು. ಹೆಡ್‌ಮಿಸ್ ಜರಿಯಂಚಿನ ಸೀರೆ ಉಟ್ಟು ಬಂದಿದ್ದರು. ಸಭೆ ನಡೆದ ಶಾಲೆಯ ಕಿಟಕಿಯಿಂದ ಕೋಟೆಯ ಬಂಡೆಗಳು ಕಾಣುತ್ತಿದ್ದವು. ನಾನು ಮಾತು ಮುಗಿಸುವ ಮೊದಲೇ ಹೊಸದುರ್ಗದ ಹಿರಿಯ ಮೇಷ್ಟ್ರೊಬ್ಬರು ಎದ್ದರು.

"ಚೆನ್ನಾಗೈತಮ್ಮ. ಆದ್ರೆ ಇದು ಆಟ. ಪರೀಕ್ಷೇಲಿ ಇದನ್ನ ಕೇಳಲ್ಲ. ಪಾಠ ಮುಗಿಸೋದು ಯಾವಾಗ?"

ಅಷ್ಟರಲ್ಲಿ ಹೆಡ್‌ಮಿಸ್ ಎದ್ದು ನಿಂತರು. "ಪಾಠ ಮುಗೀತಿದೆ. ನಾನೇ ನೋಡ್ತಾ ಇದ್ದೀನಿ. ನೀವು ಒಂದು ಪ್ರಶ್ನೆ ಕೇಳಿ, ಆಮೇಲೆ ಆಟ ಅನ್ನಿ," ಎಂದರು. ಅವರ ದನಿಯಲ್ಲಿ ನನ್ನ ಪರವಾಗಿ ಅಂಥ ಬಿಗಿ ಇರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮೇಷ್ಟ್ರು ಕೇಳಿದರು: "ಹಾವುಗಳನ್ನ ಮೊದಲೇ ಅರ್ಧ ಮಾಡಿಬಿಟ್ರೆ?"

"ನೀವೇನಂತೀರಿ ಸಾರ್? ಯಾಕಂತ ಹೇಳ್ರಿ," ಎಂದು ಐಮಂಗಲದ ಹುಡುಗಿ ತಿರುಗಿ ಕೇಳಿದಳು. ಅವರು ಒಂದು ಹೇಳಿದರು. ಪಕ್ಕದವರು ಅದನ್ನು ಒಪ್ಪಲಿಲ್ಲ. ಹಿಂದಿನ ಸಾಲಿನವರು ಇಬ್ಬರನ್ನೂ ಒಪ್ಪಲಿಲ್ಲ. ಚೀಟಿಗಳನ್ನು ಟೀಚರುಗಳ ಕೈಗೇ ಕೊಟ್ಟೆವು. ಇಲಿ ಮರಿ ಹಾಕಿಸುವ ಚೀಟಿ ಹೆಡ್‌ಮಿಸ್ ಪಾಲಿಗೆ ಬಂತು, ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀಜ ಎಣಿಸಿದರು. ಆಟ ಮುಗಿದಾಗ ಮೇಷ್ಟ್ರ ಊಹೆ ಸರಿಯಾಗಿತ್ತು, ಅವರು ಕೊಟ್ಟ ಕಾರಣ ಮಾತ್ರ ತಪ್ಪಾಗಿತ್ತು. ಹೇಗೆ ತಪ್ಪು ಎಂದು ಹುಡುಗಿಯರು ಗೆರೆ ಎಳೆದು ತೋರಿಸಿದರು. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, "ಇನ್ನೊಂದು ಸಲ ಓಡಿಸ್ರಿ," ಎಂದರು. ತಂದಿಟ್ಟ ಚಹಾ ಆರಿಹೋಯಿತು. ಮುಂದಿನ ಭಾಷಣಕಾರರು ಬಾಗಿಲಲ್ಲಿ ಕಾದರು. ಊಟದ ಹೊತ್ತಿಗೆ ಆ ಮೇಷ್ಟ್ರು ತಮ್ಮೂರಿನ ತೆಂಗಿನ ತೋಟಕ್ಕೂ ಅಳಿಲುಗಳಿಗೂ ಚೀಟಿ ಬರೆಯಲು ಕೂತಿದ್ದರು, ಹರಿಯಬ್ಬೆಯ ಹುಡುಗಿ ಅವರ ಪಕ್ಕದಲ್ಲಿ ನಿಂತು ಏನು ಬಿಟ್ಟುಹೋಗಿದೆ ಎಂದು ಹೇಳುತ್ತಿದ್ದಳು.

ಸಂಜೆ ವಾಪಸು ಹೊರಟ ಬಸ್ಸು ಐಮಂಗಲದಲ್ಲಿ ನಿಂತಿತು. ಡ್ರೈವರ್ ಚಹಾ ಕುಡಿಯಲು ಇಳಿದರು. ಹೆಡ್‌ಮಿಸ್ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದರು. ಐಮಂಗಲದ ಹುಡುಗಿ ಇಳಿಯಬೇಕಾದವಳು, ಬಾಗಿಲಲ್ಲೇ ನಿಂತು ಬಜ್ಜಿ ಕಚ್ಚುತ್ತಾ, "ಈ ಬಸ್ಸು ನಮ್ಮೂರಾಗೆ ನಿಲ್ಲಿಸದೆ ಹೋದ್ರೆ ಏನಾಗ್ತೈತೆ?" ಎಂದಳು. ಒಬ್ಬಳು ಹಿರಿಯೂರಿಗೆ ಬೇಗ ಸೇರುತ್ತೇವೆ ಎಂದಳು. ಇನ್ನೊಬ್ಬಳು ಇಲ್ಲ, ಇಲ್ಲಿ ಉಳಿದ ಜನ ಹಿಂದೆ ಬರುವ ಬಸ್ಸಿಗೆ ನುಗ್ಗುತ್ತಾರೆ, ಅದು ತಡವಾಗುತ್ತದೆ ಎಂದಳು. ಯಾಕೆ, ಎಷ್ಟು, ಎಲ್ಲಿಂದ ಎಂದು ಸೀಟುಗಳ ಮೇಲೆ ಮೊಣಕಾಲೂರಿ ವಾದ ಶುರುವಾಯಿತು.

ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ನೀವು ಒಂದ್ ಬಿಟ್ಟಿದೀರಿ ಕಣ್ರವ್ವ. ಸಂತೆ ದಿನ ಲೆಕ್ಕಾನೇ ಬ್ಯಾರೆ," ಎಂದರು. ಹುಡುಗಿಯರು ಅವರಿಗೆ ಜಾಗ ಮಾಡಿಕೊಟ್ಟರು. ಅವರು ಕೂತು ಸಂತೆಯ ದಿನದ ಬಸ್ಸುಗಳ ಕಥೆ ಶುರು ಮಾಡಿದರು. ಡ್ರೈವರ್ ಬಂದು ಕೂತು, ಎಂಜಿನ್ ಚಾಲೂ ಮಾಡಿ, ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದರು. ಕಂಡಕ್ಟರ್ ವಿಷಲ್ ಊದುವುದನ್ನು ಮರೆತೇಬಿಟ್ಟಿದ್ದರು.